ತೊಂಬತ್ತೆರಡು ಇಗರ್ಜಿಗಳ ಪಟ್ಟಿ

ಆ ದಿನ ಬೆಳಿಗ್ಗೆ ಸಮುದ್ರದ ಕಡೆಯಿಂದ ಎದ್ದು ಬಂದ ಮಂಜು ವೆಸ್ತರ್ವಿಕ್ ಊರಿನ ಮೇಲೆ ಹಿಂಡದ ಕಂಬಳಿಯ ಹಾಗೆ ಕೂತಿತ್ತು. ಮಳೆಯೆಂದರೆ ಮಳೆಯಲ್ಲ, ಬಿಸಿಲಂತೂ ಅಲ್ಲವೇ ಅಲ್ಲ. ಇಂಥ ಹೊತ್ತಿನಲ್ಲಿ ಮನುಷ್ಯ ಸುಮ್ಮನೆ ಕೂತು ದೇವರನ್ನು ನೆನೆಯಬೇಕು. ಅಲ್ಗೋತ್‌ಗೆ ಆ ಭಾಗ್ಯವಿರಲಿಲ್ಲ. ಕಟ್ಟಡದ ನೆಲಮಾಳಿಗೆಯಲ್ಲಿ, ಎಲ್ಲ ಮನೆಯವರೂ ಸರದಿಯಂತೆ ಬಳಸುವ ಬಟ್ಟೆ ಒಗೆಯುವ ಯಂತ್ರದ ಮುಂದೆ ಕೂತು, ಕ್ಯಾಮೆರಾ ಅಂಗಡಿಯವರು ಕೊಟ್ಟ ಬಣ್ಣದ ಹಾಳೆಗಳನ್ನು ಓದುತ್ತಿದ್ದ.

ನಲವತ್ತು ವರ್ಷ ಇಗರ್ಜಿಯ ಗಂಟೆ ಬಾರಿಸಿ ನಿವೃತ್ತನಾದ ಅಲ್ಗೋತ್‌ಗೆ ಒಂದು ಹರಕೆ ತೀರಿಸುವುದಿತ್ತು. ಅದು ಅವನ ಹರಕೆಯಲ್ಲ, ಅಕ್ಕ ವಿವೇಕಳದ್ದು. ಅವಳು ಹುಟ್ಟಿ ಬೆಳೆದದ್ದು ಗಾಟ್ಲಂಡ್ ದ್ವೀಪದಲ್ಲಿ. ಅಲ್ಲಿನ ತೊಂಬತ್ತೆರಡು ಹಳೆಯ ಇಗರ್ಜಿಗಳನ್ನೂ ಸಾಯುವ ಮೊದಲು ಒಮ್ಮೆ ಸುತ್ತಿ ಬರಬೇಕೆಂದುಕೊಂಡಿದ್ದಳು. ಸೊಂಟ ಮುರಿದ ಮೇಲೆ ಆ ಕೆಲಸ ತಮ್ಮನ ಸೈಕಲ್ಲಿನ ಪಾಲಿಗೆ ಬಂತು. ಒಂದೊಂದು ಇಗರ್ಜಿಗೆ ಮೂರು ಚಿತ್ರ: ಗೋಪುರ, ಬಾಗಿಲು, ಮಕ್ಕಳಿಗೆ ದೀಕ್ಷಾಸ್ನಾನ ಕೊಡುವ ಕಲ್ಲಿನ ಬೋಗುಣಿ. ಹೋದ ವರ್ಷ ಹತ್ತೊಂಬತ್ತು ಇಗರ್ಜಿ ಮುಗಿಯುವಷ್ಟರಲ್ಲಿ ಕ್ಯಾಮೆರಾದ ಕಾರ್ಡು ಐವತ್ತೇಳು ಚಿತ್ರಗಳಿಗೆ ತುಂಬಿಹೋಯಿತು. ಒಂದನ್ನೂ ಅಳಿಸಲು ಕೈ ಬಾರದೆ ಅಲ್ಗೋತ್ ವಾಪಸು ಬಂದಿದ್ದ.

"ಆ ಹತ್ತೊಂಬತ್ತನ್ನಾದ್ರೂ ಕಾಗದದ ಮೇಲೆ ತೆಗೆಸಿ ತೋರಿಸ್ಲಾ ಅಕ್ಕಾ?" ಎಂದು ಕೇಳಿದ್ದ.

"ಅರ್ಧ ಬೆಂದದ್ದನ್ನ ಬಡಿಸಬೇಡ. ಎಲ್ಲಾ ಒಟ್ಟಿಗೆ ನೋಡ್ತೀನಿ," ಎಂದಿದ್ದಳು ವಿವೇಕ. ತನ್ನ ಪಟ್ಟಿಯಲ್ಲಿ ಹತ್ತೊಂಬತ್ತು ಹೆಸರಿನ ಮುಂದೆ ಸೀಸದಕಡ್ಡಿಯಿಂದ ಗುರುತು ಹಾಕಿ, ಪಟ್ಟಿಯನ್ನು ದಿಂಬಿನಡಿ ಇಟ್ಟುಕೊಂಡಿದ್ದಳು.

ಮರುದಿನ ಬೆಳಿಗ್ಗೆ ಹಡಗು. ಉಳಿದ ಎಪ್ಪತ್ತಮೂರು ಇಗರ್ಜಿಗಳನ್ನು ಎಲ್ಲಿ ತುಂಬಿಸುವುದು? ಅಲ್ಗೋತ್‌ನ ಬಳಿ ಕಂಪ್ಯೂಟರ್ ಇರಲಿಲ್ಲ. ಇದ್ದರೂ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗುವಂಥದ್ದಲ್ಲ. ಹೊಸ ಕಾರ್ಡು ಗುರುವಾರ ಬರುತ್ತದೆಂದು ಅಂಗಡಿಯವನು ಹೇಳಿದ್ದ. ಅಂದು ಮಂಗಳವಾರ.

ಒಂಬತ್ತು ಗಂಟೆಗೆ ಮೇಲಿನ ಅಂತಸ್ತಿನ ಸಿಕ್ಸ್ತೆನ್ ಕಾಫಿಯ ಫ್ಲಾಸ್ಕು ಹಿಡಿದು ಇಳಿದುಬಂದ. ಮೂವತ್ತು ವರ್ಷ ಹಡಗುಗಳಲ್ಲಿ ವಿದ್ಯುತ್ ಕೆಲಸ ಮಾಡಿದವನು. ಕಂಕುಳಲ್ಲಿ ಸ್ತೋತ್ರಪುಸ್ತಕದಷ್ಟು ದಪ್ಪದ ಕರಿಯ ಪೆಟ್ಟಿಗೆಯಿತ್ತು.

"ಇದ್ದೂ ಇಲ್ಲದವನ ಹಾಗೆ ಯಾಕೆ ಕೂತಿದೀಯ ಮಾರಾಯಾ? ಇದಕ್ಕೆ ಕಾರ್ಡು ತಿನ್ನಿಸು, ಗುಂಡಿ ಒತ್ತು, ಚಿತ್ರ ಎಲ್ಲಾ ಒಳಗೆ ಹೋಗ್ತವೆ. ತೊಂಬತ್ತೆರಡಲ್ಲ, ಇಡೀ ದೇಶದ ಇಗರ್ಜಿ ಹಿಡಿಸುತ್ತೆ."

"ಕೆಟ್ಟುಹೋದ್ರೆ?"

"ಅಟ್ಲಾಂಟಿಕ್ ದಾಟಿ ಬಂದ ಪೆಟ್ಟಿಗೆ ಇದು. ನಿನ್ನ ಸೈಕಲ್ಲಿಗೆ ಹೆದರುತ್ತಾ?"

ಅಷ್ಟರಲ್ಲಿ ಅದೇ ಕಟ್ಟಡದ ಗುನ್ವೋರ್ ಬಂದಳು. ಹತ್ತು ಗಂಟೆಯ ಸರದಿ ಅವಳದು. ಒಂದು ಗಂಟೆ ಮುಂಚೆಯೇ ಬಂದು ಹಿಂದಿನವರು ಏನು ಹೊಲಸು ಮಾಡಿದ್ದಾರೆಂದು ನೋಡುವುದು ಅವಳ ವ್ರತ. ಆ ಕಟ್ಟಡದಲ್ಲಿ ಹಲಗೆಯ ಮೇಲೆ ಹೆಸರು ಸಿಕ್ಕಿಸಿದ ಮೂರು ಗಂಟೆ ಹೊತ್ತು ಆ ಮನೆಯವರದ್ದು. ಮುಗಿದ ಮೇಲೆ ರಾಜನೇ ಬಂದು ತನ್ನ ಕಾಲುಚೀಲ ಕೇಳಿದರೂ ಬಾಗಿಲು ತೆರೆಯುವುದಿಲ್ಲ. ಹಾಗೆಂದು ಗೋಡೆಯ ಮೇಲೆ ಚೀಟಿ ಅಂಟಿಸಿದವಳೂ ಗುನ್ವೋರಳೇ.

"ಕಾರ್ಡಿಂದ ಕಾಗದಕ್ಕೆ ತೆಗೆಸಿಬಿಡಿ. ಕಾಗದ ಕೆಡಲ್ಲ. ಈ ಪೆಟ್ಟಿಗೆ ನಂಬಿ ಕೆಟ್ಟವರನ್ನ ನಾನು ಬಲ್ಲೆ," ಎಂದಳು ಅವಳು.

"ಯಾರನ್ನ?" ಎಂದ ಸಿಕ್ಸ್ತೆನ್.

"ಹೆಸರು ಹೇಳೋದು ನನ್ನ ಪದ್ಧತಿ ಅಲ್ಲ. ಹಾಂ, ಮೇಜಿನ ಮೇಲೆ ಪೆಟ್ಟಿಗೆ ಇಡಬೇಡಿ. ಅದು ಇಸ್ತ್ರಿ ಬಟ್ಟೆ ಇಡೋ ಜಾಗ."

ಪೆಟ್ಟಿಗೆ ಯಂತ್ರದ ತಲೆಯ ಮೇಲೆ ಕೂತಿತು. ಅಲ್ಗೋತ್ ಕಾರ್ಡು ತೂರಿಸಿದ. ಪೆಟ್ಟಿಗೆ ಭಜನೆಗೆ ಕೂತ ಮುದುಕಿಯ ಹಾಗೆ ಗುಂಯ್‌ಗುಟ್ಟುತ್ತಾ ಐವತ್ತೇಳು ಚಿತ್ರಗಳನ್ನು ನುಂಗಿತು. ಆಮೇಲೆ ಅದರ ಪುಟ್ಟ ಪರದೆಯ ಮೇಲೆ ಯಾವುದೋ ಪರಭಾಷೆಯಲ್ಲಿ ಒಂದು ಪ್ರಶ್ನೆ ಮೂಡಿತು.

"ಏನೋ ಕೇಳ್ತಾ ಇದೆ," ಎಂದ ಅಲ್ಗೋತ್.

"ನನ್ನ ಕನ್ನಡಕ ಮೇಲೆ ಮನೇಲಿದೆ. ಹಸಿರು ಗುಂಡಿ ಒತ್ತು. ಹಡಗಲ್ಲಿ ಹಸಿರು ಅಂದ್ರೆ ಕ್ಷೇಮ."

ಅಲ್ಗೋತ್ ಹಸಿರು ಒತ್ತಿ, ಕಾರ್ಡನ್ನು ಹೊರತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡ. ಈಗ ಎರಡು ಕಡೆ ಚಿತ್ರ, ಚಿಂತೆಯಿಲ್ಲ. ಆ ಸಂತೋಷಕ್ಕೆ ಸಿಕ್ಸ್ತೆನ್ ಕಾಫಿ ಬಗ್ಗಿಸುವಾಗ ಮೊಣಕೈ ತಗುಲಿ ಬಟ್ಟಲು ಪೂರ್ತಿ ಅಲ್ಗೋತ್‌ನ ಎದೆಯ ಮೇಲೆ ಬಿತ್ತು.

"ಅದು ನಾಳೆ ಪ್ರಯಾಣಕ್ಕೆ ಹಾಕ್ಕೊಳ್ಳೋ ಅಂಗಿ ಅಲ್ವಾ?" ಎಂದಳು ಗುನ್ವೋರ್. "ಕಾಫಿ ಕಲೆ ಕೂತ್ರೆ ಹೋಗಲ್ಲ. ಬಿಚ್ಚಿ ಹಾಕಿ. ಬೇಗ, ಹತ್ತಕ್ಕೆ ಯಂತ್ರ ಖಾಲಿ ಇರ್ಬೇಕು."

ಗುನ್ವೋರಳ ಮಾತು ಮೀರಿದವರು ಆ ಕಟ್ಟಡದಲ್ಲಿ ಇರಲಿಲ್ಲ. ಅಲ್ಗೋತ್ ಅಂಗಿ ಬಿಚ್ಚಿದ, ಒಳಗೆ ಹಾಕಿದ, ಬನಿಯನ್ನಿನಲ್ಲಿ ನಡುಗುತ್ತಾ ನಿಂತ. ಯಂತ್ರ ತಿರುಗಿತು. ಕೊನೆಯ ಹಿಂಡುವ ಸುತ್ತಿನಲ್ಲಿ ಅದಕ್ಕೆ ಮೈಮೇಲೆ ಬಂದಂತಾಯಿತು. ತಲೆಯ ಮೇಲಿದ್ದ ಪೆಟ್ಟಿಗೆ ಹೊಸಿಲು ದಾಟುವ ಕೂಸಿನ ಹಾಗೆ ಒಂದೊಂದೇ ಹೆಜ್ಜೆ ಅಂಚಿಗೆ ಸರಿಯಿತು. ಮೂವರೂ ಅದನ್ನು ನೋಡುತ್ತಿದ್ದರು. ಮೂವರೂ ಇನ್ನೊಬ್ಬರು ಹಿಡಿಯುತ್ತಾರೆಂದುಕೊಂಡರು.

ಸಿಕ್ಸ್ತೆನ್ ಪೆಟ್ಟಿಗೆಯನ್ನು ನೆಲದಿಂದ ಎತ್ತಿ ಕಿವಿಗೆ ಹಿಡಿದ. ಒಳಗೆ ಬಟಾಣಿ ಕಾಳು ಉರುಳಿದಂತೆ ಸದ್ದಾಯಿತು.

"ಹೋಯ್ತು," ಎಂದ.

"ಹೋಗ್ಲಿ ಬಿಡು, ಕಾರ್ಡಿದೆಯಲ್ಲ," ಎನ್ನುತ್ತಾ ಅಲ್ಗೋತ್ ಎದೆ ಮುಟ್ಟಿಕೊಂಡ. ಅಲ್ಲಿ ಬನಿಯನ್ನಿತ್ತು.

ಯಂತ್ರದ ಬಾಗಿಲು ತೆರೆದು ಅಂಗಿ ಎಳೆದ. ಜೇಬು ಖಾಲಿ. ಒಳಗೆ ಕೈ ಹಾಕಿ ತಡಕುವಷ್ಟರಲ್ಲಿ ಗೋಡೆಯ ಗಡಿಯಾರ ಹತ್ತು ತೋರಿಸಿತು.

"ನನ್ನ ಸರದಿ," ಎಂದಳು ಗುನ್ವೋರ್.

"ಒಂದೇ ನಿಮಿಷ ಗುನ್ವೋರ್. ಅಕ್ಕನ ಹತ್ತೊಂಬತ್ತು ಇಗರ್ಜಿ ಒಳಗಿವೆ."

"ಒಂದು ನಿಮಿಷ ಅಂದವರಿಗೆಲ್ಲ ಬಿಟ್ಟಿದ್ರೆ ಇವತ್ತು ನಾವ್ಯಾರೂ ಬಟ್ಟೆ ಒಗೀತಿರಲಿಲ್ಲ. ನಾನೇ ಹುಡುಕ್ತೀನಿ, ನನ್ನ ಹೊತ್ತಲ್ಲಿ." ಕೋಣೆಯ ಬಾಗಿಲು ಮುಚ್ಚಿಕೊಂಡಿತು.

ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದು ಇದಕ್ಕೇ. ಅಲ್ಗೋತ್ ಮೂರು ಗಂಟೆ ಕಾಲ ಮೆಟ್ಟಿಲ ಮೇಲೆ ಕೂತ. ಬಾಯಿಗೆ ಬಂದ ಸ್ತೋತ್ರವೆಲ್ಲ ಹೇಳಿ ಮುಗಿಸಿ, ಮತ್ತೆ ಮೊದಲಿಂದ ಶುರುಮಾಡಿದ. ಒಳಗೆ ಗುನ್ವೋರಳ ಚಾದರಗಳು ಅವಸರವಿಲ್ಲದೆ ತಿರುಗುತ್ತಿದ್ದವು.

ಒಂದು ಗಂಟೆಗೆ ಬಾಗಿಲು ತೆರೆಯಿತು. ಗುನ್ವೋರ್ ಮಡಿಸಿದ ಕರವಸ್ತ್ರವೊಂದನ್ನು ಚಾಚಿದಳು. ನಡುವೆ ಕಾರ್ಡಿತ್ತು.

"ಬಾಗಿಲಿನ ರಬ್ಬರ್ ಮಡಿಕೆಯಲ್ಲಿತ್ತು. ಹತ್ತು ಗಂಟೆಗೇ ಸಿಕ್ತು. ಒಣಗಲಿ ಅಂತ ಬೆಚ್ಚಗೆ ಇಟ್ಟಿದ್ದೆ." ಸ್ವಲ್ಪ ತಡೆದು, "ರಬ್ಬರ್ ಒರೆಸಿ ಹೋಗೋದು ನಿಯಮ," ಎಂದೂ ಸೇರಿಸಿದಳು.

ಅಲ್ಗೋತ್ ಎರಡೆರಡು ಮೆಟ್ಟಿಲು ಹಾರಿ ಮನೆಗೆ ಹೋದ. ವಿವೇಕಳ ಹಾಸಿಗೆಯ ಪಕ್ಕ ಕೂತು ಕಾರ್ಡನ್ನು ಕ್ಯಾಮೆರಾಕ್ಕೆ ಹಾಕಿದ. ದೀಪ ಹೊತ್ತಿತು. ಪರದೆಯ ಮೂಲೆಯಲ್ಲಿ ಐವತ್ತೇಳು ಎಂಬ ಅಂಕೆ ಬೆಳಗಿತು.

"ಇವೆ ಅಕ್ಕಾ, ಐವತ್ತೇಳೂ ಇವೆ. ದೇವರು ದೊಡ್ಡವನು."

"ಆ ಅಂಕೆ ಯಾವಾಗ್ಲೂ ಅಲ್ಲೇ ಇರುತ್ತಾ?" ಎಂದಳು ವಿವೇಕ.

"ಇಲ್ಲ. ಒಂದೊಂದು ಚಿತ್ರ ತೆಗೆದ ಹಾಗೂ ಇಳೀತಾ..." ಎಂದವನು ಅರ್ಧದಲ್ಲೇ ನಿಂತ. ಇನ್ನೆಷ್ಟು ಚಿತ್ರಕ್ಕೆ ಜಾಗವಿದೆಯೆಂದು ಹೇಳುವ, ಕಾರ್ಡು ತುಂಬಿದ್ದರೆ ಸೊನ್ನೆಯಾಗಿರಬೇಕಿದ್ದ ಅಂಕೆ ಅದು.

ಆಗಲೇ ಬಾಗಿಲಲ್ಲಿ ಸಿಕ್ಸ್ತೆನ್ ಕಾಣಿಸಿಕೊಂಡ. ಮೂಗಿನ ಮೇಲೆ ಕನ್ನಡಕ, ಕೈಯಲ್ಲಿ ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಿಕೆ.

"ಅಲ್ಗೋತ್, ಆ ಪ್ರಶ್ನೆ ಏನಂತ ಸಿಕ್ತು," ಎಂದ ತಗ್ಗಿದ ದನಿಯಲ್ಲಿ. "ಚಿತ್ರ ಎಲ್ಲ ನನ್ನ ಹತ್ರ ಬಂದ್ವು, ಇನ್ನು ಕಾರ್ಡು ಅಳಿಸಿಬಿಡ್ಲಾ ಅಂತ ಕೇಳಿತ್ತು."

ಕಿಟಕಿಯ ಹೊರಗೆ ಮಂಜು ಬೆಳಿಗ್ಗೆ ಇದ್ದಲ್ಲೇ ಇತ್ತು.

"ಒಂದು ಕಾರ್ಡಿಗೆ ಎಷ್ಟು ಇಗರ್ಜಿ?" ಕೊನೆಗೆ ಕೇಳಿದಳು ವಿವೇಕ.

"ಹತ್ತೊಂಬತ್ತು ಅಕ್ಕಾ."

ಅವಳು ದಿಂಬಿನಡಿಯಿಂದ ಪಟ್ಟಿ ತೆಗೆದಳು. ರಬ್ಬರಿನ ತುಂಡೊಂದನ್ನು ಹುಡುಕಿಕೊಂಡು ಹತ್ತೊಂಬತ್ತು ಗುರುತುಗಳನ್ನೂ ಒಂದೊಂದಾಗಿ ಅಳಿಸಿದಳು. ಪುಡಿಯನ್ನು ಊದಿ, ತೊಂಬತ್ತೆರಡು ಹೆಸರಿನ ಪಟ್ಟಿಯನ್ನು ನಾಲ್ಕಾಗಿ ಮಡಿಸಿ ತಮ್ಮನ ಕೈಯಲ್ಲಿಟ್ಟಳು.