ಬದಲಾದ ಟರ್ನರ್ ತಂದಿಟ್ಟ ಫಜೀತಿ

ಮನುಷ್ಯ ಬದಲಾದರೆ ಊರೆಲ್ಲ ಸಂತೋಷಪಡುತ್ತದೆ ಎಂದು ನಾನು ಭಾನುವಾರಗಳಲ್ಲಿ ಹೇಳುತ್ತಲೇ ಇರುತ್ತೇನೆ. ಆದರೆ ಒಬ್ಬ ನಿಜವಾಗಿ ಬದಲಾದಾಗ ಮೊದಲು ಪೇಚಿಗೆ ಸಿಕ್ಕುವವರು ಅಕ್ಕಪಕ್ಕದವರು. ಇಂಥದ್ದು ನಮ್ಮಲ್ಲಿ ಆಗುತ್ತಲೇ ಇರುತ್ತದೆ.

ಟಿ. ದಾಸರಹಳ್ಳಿಯ ವೆಲ್ಡಿಂಗ್ ಅಂಗಡಿಯೊಂದರ ಮಹಡಿಯ ಮೇಲೆ ನಮ್ಮ ಸಭೆ. ನಾನು ಪಾಸ್ಟರ್. ತುಮಕೂರು ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದ ಕಾಲ. ಬರುವವರು ಇಪ್ಪತ್ತೆರಡು ಮಂದಿ, ಹೆಚ್ಚಿನವರು ಪೀಣ್ಯದಲ್ಲಿ ದುಡಿಯುವ ಉತ್ತರ ಕರ್ನಾಟಕದವರು. ಇಷ್ಟು ಜನಕ್ಕೆ ಒಂದು ಸಭೆ ಯಾಕೆ, ಮುಚ್ಚಿ ದೊಡ್ಡ ಸಭೆಗೆ ಸೇರಿಸೋಣ ಎಂದು ಮೇಲಿನವರು ಪತ್ರ ಬರೆಯುತ್ತಿದ್ದರು. ತಲೆ ಎಣಿಸಬೇಡಿ, ಬದುಕು ಬದಲಾದವರನ್ನು ನೋಡಿ ಎಂದು ನಾನು ಎದೆ ಸೆಟೆಸಿ ಉತ್ತರಿಸುತ್ತಿದ್ದೆ. ಹಾಗೆ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದವನು ಗದಗ ಕಡೆಯ ಒಬ್ಬ ಟರ್ನರ್. ಕಾರ್ಖಾನೆಯಲ್ಲಿ ಲೇತ್ ಮಷಿನ್ ನಡೆಸುವವನು.

ಸಾಕ್ಷಿ

ಒಂದು ಕಾಲಕ್ಕೆ ಅವನು ಕುಡಿದು ನಮ್ಮ ಮೆಟ್ಟಿಲ ಬುಡದಲ್ಲೇ ಬಿದ್ದಿರುತ್ತಿದ್ದ. ಕುಡಿತ ಬಿಟ್ಟು ಒಂದು ವರ್ಷವಾದ ಭಾನುವಾರ, ತನ್ನ ಬದುಕು ಬದಲಾದದ್ದನ್ನು ಸಭೆಯ ಮುಂದೆ ಹೇಳುವ ಸಾಕ್ಷಿಗೆ ಎದ್ದು ನಿಂತ. ಕುಡಿತ ಬಿಟ್ಟೆ, ಸುಳ್ಳು ಬಿಟ್ಟೆ, ಸಿಟ್ಟು ಬಿಟ್ಟೆ ಎಂದ. ಹೆಂಗಸರ ಕಡೆಯಿಂದ ಅವನ ಹೆಂಡತಿ ಎದ್ದಳು.

"ಸಿಟ್ಟು ಬಿಟ್ಟಿಲ್ರಿ ಅಯ್ಯನೋರ. ಮೊದ್ಲು ಕುಡ್ದು ಬೈತಿದ್ದ, ಮುಂಜಾನಿ ಮರೀತಿದ್ದ. ಈಗ ಬೈದಿದ್ದೆಲ್ಲಾ ನೆನಪಿಟ್ಕೋತಾನ."

ಅವನು ಅದು ಖರೇ ಎಂದು ಒಪ್ಪಿಕೊಂಡು, ಸಿಟ್ಟಿಗೆ ಇನ್ನೊಂದು ವರ್ಷ ಟೈಮ್ ಕೊಡಿ ಎಂದು ಕೇಳಿ ಕೂತ.

ಟ್ರೇ ನಡುವಿನ ಪೀಸು

ಅವನ ಕಾರ್ಖಾನೆಯಲ್ಲೊಂದು ಪದ್ಧತಿಯಿತ್ತು. ಅಳತೆ ತಪ್ಪಿದ ಪೀಸುಗಳನ್ನು ಟ್ರೇ ನಡುವೆ ಸೇರಿಸಿಬಿಡುವುದು; ಮಾಲು ಪರೀಕ್ಷಿಸುವ ಇನ್‌ಸ್ಪೆಕ್ಟರ್ ಮೇಲಿನ ನಾಲ್ಕಕ್ಕೆ ಅಳತೆಯ ಗೇಜ್ ಹಿಡಿದು ಪಾಸ್ ಮಾಡುವುದು. ಎಲ್ಲರಿಗೂ ಗೊತ್ತು, ಯಾರೂ ಹೇಳುವುದಿಲ್ಲ. ನಮ್ಮ ಟರ್ನರ್ ಒಂದು ದಿನ ತನ್ನ ಕೆಟ್ಟ ಪೀಸುಗಳನ್ನು ತಾನೇ ಹೆಕ್ಕಿ ಇನ್‌ಸ್ಪೆಕ್ಟರ್ ಮುಂದೆ ಸಾಲಾಗಿ ಜೋಡಿಸಿದ. ಅಂದಿನಿಂದ ಅದೇ ಅಭ್ಯಾಸವಾಯಿತು.

ವಾರದೊಳಗೆ ಅವನ ಸೂಪರ್‌ವೈಸರ್ ಏದುಸಿರು ಬಿಡುತ್ತ ನಮ್ಮ ಮೆಟ್ಟಿಲು ಹತ್ತಿ ಬಂದರು. ನನಗೆ ಒಳಗೊಳಗೇ ಹೆಮ್ಮೆ. ಚಹಾ ಕೊಟ್ಟು ಕೂರಿಸಿದೆ.

"ಸಾರ್, ಕುಡೀತಿದ್ದಾಗ್ಲೂ ಟಾರ್ಗೆಟ್ ಮುಗಿಸ್ತಿದ್ದ. ಈಗ ಅವನ ಮಾಲು ಅವನೇ ರಿಜೆಕ್ಟ್ ಮಾಡ್ತಾನೆ. ಈ ತಿಂಗಳು ಆರ್ಡರ್ ಜಾಸ್ತಿ ಇದೆ, ಸ್ವಲ್ಪ ಕಮ್ಮಿ ಪ್ರಾರ್ಥನೆ ಮಾಡಿ."

ತುಂಬಿದ ಸಭೆ

ಕೊನೆಗೆ ನಮ್ಮ ಸಭೆಗಳನ್ನೆಲ್ಲ ನೋಡಿಕೊಳ್ಳುವ ಸೂಪರಿಂಟೆಂಡೆಂಟರೇ ಬರುತ್ತಾರೆಂದು ಮೇಲಿನಿಂದ ಪತ್ರ ಬಂತು. ಭಾನುವಾರ ಕಣ್ಣಾರೆ ನೋಡಿ, ಮುಚ್ಚುವುದೋ ಬೇಡವೋ ಅಲ್ಲೇ ತೀರ್ಮಾನ. ಅಷ್ಟು ದಿನದ ನನ್ನ ಧೈರ್ಯವೆಲ್ಲ ಜರ್ರನೆ ಇಳಿಯಿತು. ಅಕ್ಕಪಕ್ಕದ ವಠಾರಗಳಿಗೆಲ್ಲ ಹೇಳಿ ಕಳಿಸಿದೆ, ಬಂದವರಿಗೆ ಪಲಾವ್ ಉಂಟು ಎಂದೂ ಸೇರಿಸಿದೆ. ಶಾಮಿಯಾನದವನಿಂದ ಕುರ್ಚಿ ತರಿಸಿದೆ.

ಭಾನುವಾರ ಅರವತ್ತು ಜನ. ಕೆಳಗಿನ ವೆಲ್ಡಿಂಗ್ ಅಂಗಡಿಯವರೂ ಕೈ ತೊಳೆದು ಬಂದು ಕೂತಿದ್ದರು. ಸೂಪರಿಂಟೆಂಡೆಂಟರ ಮುಖ ಅರಳಿತು. ಇಷ್ಟು ಜೀವ ಇರುವ ಸಭೆಯನ್ನು ಮುಚ್ಚುವುದುಂಟೇ ಎಂದವರು, ಯಾರಾದರೂ ಸಾಕ್ಷಿ ಹೇಳಿ ಎಂದರು. ನಾನು ಬೇರೆ ಯಾರನ್ನಾದರೂ ತೋರಿಸುವಷ್ಟರಲ್ಲಿ ಟರ್ನರ್ ಎದ್ದಾಗಿತ್ತು.

"ವಾರಾ ವಾರಾ ನಾವು ಇಪ್ಪತ್ತೆರಡು ಮಂದಿ ಬರ್ತೀವ್ರಿ. ಉಳಿದೋರನ್ನ ಅಯ್ಯನೋರು ಪಲಾವ್ ಐತಂತ ಕರಿಸ್ಯಾರ. ಇದನ್ನ ಹೇಳ್ದಿದ್ರ ನನ್ನ ಸಾಕ್ಷಿ ಸುಳ್ಳಾಕ್ಕತ್ರಿ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹೌದೇ ಎಂದು ಸೂಪರಿಂಟೆಂಡೆಂಟರು ನನ್ನನ್ನೇ ಕೇಳಿದರು. ತಲೆ ತಗ್ಗಿಸಿ ಹೌದೆಂದೆ. ಇವನು ಮೊದಲಿನಿಂದಲೂ ಹೀಗೆಯೇ ಎಂದು ಕೇಳಿದರು. ಅದಕ್ಕೆ ಅವನ ಹೆಂಡತಿ ಕೂತಲ್ಲಿಂದಲೇ ಉತ್ತರ ಕೊಟ್ಟಳು: ಎಲ್ಲೀದು, ಮೊದಲು ಬಾಯಿ ಬಿಟ್ಟರೆ ಸುಳ್ಳು, ಈ ಮೆಟ್ಟಿಲು ಹತ್ತಿದ ಮೇಲೆ ಹೀಗಾಗಿದ್ದಾನೆ.

ಅವರು ಕನ್ನಡಕ ಏರಿಸಿ ವರದಿ ಬರೆಯಲು ಕೂತರು. ಸಭೆ ಹೋಯಿತು ಎಂದೇ ಲೆಕ್ಕ ಹಾಕಿದೆ. ಬರೆದು ಮುಗಿಸಿ ಹಾಳೆಯನ್ನು ನನ್ನತ್ತ ತಿರುಗಿಸಿದರು.

"ಸಭೆ ಮುಂದುವರಿಯಲಿ. ಇಲ್ಲಿ ಜನ ನಿಜವಾಗಿ ಬದಲಾಗುತ್ತಿದ್ದಾರೆ. ಪಾಸ್ಟರ್ ಒಬ್ಬರೇ ಬಾಕಿ ಇದ್ದಾರೆ. ಅವರನ್ನು ಟರ್ನರ್ ಕೈಗೆ ಒಪ್ಪಿಸಿದ್ದೇನೆ."