ಪ್ರಸ್ಥಭೂಮಿ ತಿಂದ ಕೋಳಿ

ನಮ್ಮ ಸ್ಕೂಲಿನಲ್ಲಿ ಪಾಠೋಪಕರಣ ಕೈಗೆತ್ತಿಕೊಂಡಾಗಲೆಲ್ಲ ಏನಾದರೊಂದು ಆಗದೆ ಇರುವುದಿಲ್ಲ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಟೀಚರು. ಚಿಕ್ಕಬಳ್ಳಾಪುರದಿಂದ ದಿನಾ ಬಸ್ಸಿನಲ್ಲಿ ಓಡಾಟ. ಸೇರಿದ ದಿನವೇ ಹೆಡ್‌ಮಾಸ್ಟರು ಕರೆದು ಹೇಳಿದರು: "ನೋಡಮ್ಮ, ಮಕ್ಕಳು ಗಣಿತದಲ್ಲಿ ಫೇಲಾದ್ರೆ ಯಾರೂ ಏನೂ ಅನ್ನಲ್ಲ. ನಮ್ಮೋರು ಸಮಾಜದಲ್ಲಿ ಫೇಲಾಗ್ತಾರೆ! ಮೀಟಿಂಗಲ್ಲಿ ತಲೆ ಎತ್ತೋಕಾಗ್ತಿಲ್ಲ. ಈ ಸಲ ಹತ್ತನೇ ಕ್ಲಾಸು ನಿಮ್ಮ ಕೈಲಿದೆ."

ಮುಂದಿನದೆಲ್ಲ ಆ ಒಂದು ವರ್ಷದಲ್ಲಿ ನಡೆದದ್ದು.

ದೇಶದ ರಾಜಧಾನಿ

ಆಗ ಸ್ಕೂಲಿನಲ್ಲಿದ್ದದ್ದು ಒಂದೇ ಒಂದು ಭಾರತದ ಭೂಪಟ. ಮೂಲೆಯಲ್ಲಿ ಬಿದ್ದು ಬಿದ್ದು ಅದನ್ನು ಇಲಿ ಕಡಿದಿತ್ತು. ಬೇರೆಲ್ಲೂ ಜಾಗ ಸಿಗಲಿಲ್ಲವೇನೋ, ಸರಿಯಾಗಿ ದೆಹಲಿಯಲ್ಲೇ ತೂತು. ಕೋಲಿನಿಂದ ತೂತನ್ನೇ ತೋರಿಸಿ, "ಇಲ್ಲಿ ದೆಹಲಿ ಇದೆ ಅಂದ್ಕೊಳ್ರಪ್ಪ" ಅಂತ ಪಾಠ ಮುಗಿಸಿದೆ.

ಟೆಸ್ಟಿನಲ್ಲಿ ಖಾಲಿ ನಕ್ಷೆ ಕೊಟ್ಟು ದೆಹಲಿ ಗುರುತಿಸಿ ಅಂದೆ. ತಿದ್ದೋಕೆ ಕೂತರೆ, ಅರ್ಧ ಕ್ಲಾಸು ಅಲ್ಲಿ ಹರಕು ಅಂಚಿನ ತೂತಿನ ಚಿತ್ರ ಬರೆದಿದೆ. ಒಬ್ಬನಂತೂ ಕಾಂಪಾಸಿನಲ್ಲಿ ಚುಚ್ಚಿ ನಿಜವಾದ ತೂತನ್ನೇ ಮಾಡಿದ್ದ. ಕರೆದು ಕೇಳಿದೆ.

"ಏನೋ ಇದು?"

"ದೆಹಲಿ ಮಿಸ್."

"ದೆಹಲಿ ಹಿಂಗಿರುತ್ತೇನೋ?"

"ನಾನ್ ನೋಡಿಲ್ಲ ಮಿಸ್. ಜಾಗ ಕರೆಕ್ಟಲ್ವಾ?"

ಜಾಗ ಕರೆಕ್ಟಾಗಿಯೇ ಇತ್ತು. ಮಾರ್ಕ್ಸ್ ಕೊಟ್ಟೆ.

ಒಂದು ಸುತ್ತು ಸಾಕು

ಹೊಸ ಗ್ಲೋಬು ಇದೆ ಅಂತ ಆಮೇಲೆ ಗೊತ್ತಾಯಿತು. ಅದು ಹೆಡ್‌ಮಾಸ್ಟರ ಬೀರುವಿನೊಳಗೆ, ಪ್ಲಾಸ್ಟಿಕ್ಕು ಕೂಡ ಬಿಚ್ಚದೆ ಭದ್ರವಾಗಿತ್ತು. ಕೇಳಿದೆ.

"ತಗೊಂಡ್ ಹೋಗಮ್ಮ. ಆದ್ರೆ ಮಕ್ಕಳು ಮುಟ್ಟಬಾರ್ದು, ತಿರುಗಿಸಬಾರ್ದು."

"ಸಾರ್, ಭೂಮಿ ತಿರುಗೋದೇ ಪಾಠ."

ಅವರು ಯೋಚಿಸಿದರು. "ಒಂದು ಸುತ್ತು ತಿರುಗ್ಸಿ. ಮಿಕ್ಕಿದ್ದು ಬಾಯಲ್ಲಿ ಹೇಳಿ."

ಹೇಳಿದ್ದಲ್ಲದೆ, ಕಾಯೋಕೆ ಕ್ಲಾಸಿನ ಬಾಗಿಲಿಗೇ ಬಂದು ನಿಂತರು. ನಾನು ಒಂದು ಸುತ್ತು ತಿರುಗಿಸಿದೆ. ಅಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ ಎದ್ದು ಬಂದಳು. ಮನೇಲಿ ತೆಲುಗು ಮಾತಾಡೋ ಮಗು. ಏನು ಕೇಳಿದರೂ "ತೆಲೀದು ಮಿಸ್" ಅಂದು ತಲೆ ತಗ್ಗಿಸೋಳು. ಅವಳು ತಾನಾಗಿಯೇ ಬಾಯಿಬಿಟ್ಟಿದ್ದು ಅದೇ ಮೊದಲು.

"ಮಿಸ್, ನಮ್ಮೂರು ಎಲ್ಲಿ?"

ಪೆನ್ಸಿಲ್ ಮೊನೆ ಇಟ್ಟು ತೋರಿಸಿದೆ.

"ಚಿಂತಾಮಣಿ?"

"ಅದೂ ಇದೇ ಮೊನೆ ಕೆಳಗೇ ಇದೆ ಕಣೇ."

ಅವಳು ಬಗ್ಗಿ ನೋಡಿದಳು. "ಇಷ್ಟು ಹತ್ರಾನಾ? ಮತ್ತೆ ಬಸ್ಸು ಯಾಕೆ ಮಿಸ್ ಅಷ್ಟೊತ್ತು ಮಾಡುತ್ತೆ?"

ಬಾಗಿಲಲ್ಲಿದ್ದ ಹೆಡ್‌ಮಾಸ್ಟರೇ ಮೊದಲು ನಕ್ಕರು. ಒಳಗೆ ಬಂದು, "ಅದು ಡ್ರೈವರ್ನ ಕೇಳಬೇಕಮ್ಮ. ತಗೋ, ನೀನೂ ಒಂದು ಸುತ್ತು ತಿರುಗ್ಸು" ಅಂದರು. ಆವತ್ತು ಪಿರಿಯಡ್ ಮುಗಿಯೋ ಹೊತ್ತಿಗೆ ಭೂಮಿ ಎಷ್ಟು ವರ್ಷ ಮುಂದೆ ಹೋಗಿತ್ತೋ ದೇವರೇ ಬಲ್ಲ.

ಕಾಳಿನ ಭಾರತ

ಧೈರ್ಯ ಬಂತು. ಸ್ಕೂಲಿನ ಹಿಂದಿನ ಜಗಲಿ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಭಾರತ ಬರೆಸಿದೆ. ಮಕ್ಕಳು ಮನೆಯಿಂದ ಹಿಡಿ ಹಿಡಿ ಕಾಳು ತಂದರು. ಹಿಮಾಲಯಕ್ಕೆ ಅಕ್ಕಿ, ಗಂಗಾ ಬಯಲಿಗೆ ಗೋಧಿ, ಪಶ್ಚಿಮ ಘಟ್ಟಕ್ಕೆ ಹೆಸರುಕಾಳು. ದಖ್ಖನ್ ಪ್ರಸ್ಥಭೂಮಿಗೆ ನಮ್ಮ ರಾಗಿ. ಆ ಹುಡುಗಿಗೆ ರಾಗಿಯ ಉಸ್ತುವಾರಿ.

ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಓಡಿಬಂದಳು. "ಮಿಸ್, ಪ್ರಸ್ಥಭೂಮಿ ಹೋಯ್ತು!"

ಹೋಗಿ ನೋಡಿದರೆ ಪಕ್ಕದ ಮನೆ ಕೋಳಿ ಕರ್ನಾಟಕ, ಆಂಧ್ರ ಮುಗಿಸಿ ಮಹಾರಾಷ್ಟ್ರದಲ್ಲಿದೆ. ಓಡಿಸಿದೆವು. ಕೋಳಿಯ ಒಡತಿ ಗೋಡೆಯಾಚೆಯಿಂದ ನನ್ನನ್ನೇ ಬೈದರು: "ಏನ್ ಟೀಚರಮ್ಮ, ಕೋಳಿ ಮೇಯೋ ಜಾಗದಲ್ಲಿ ದೇಶ ಹರಡ್ಕೊಂಡು ಕೂತಿದ್ದೀರಲ್ಲ!"

ಆ ವಾರವೆಲ್ಲ ಇದೇ ಕೆಲಸ. ಕೋಳಿ ತಿನ್ನೋದು, ಮಕ್ಕಳು ತುಂಬೋದು. ಯಾವುದು ಎಲ್ಲಿಂದ ಎಲ್ಲಿವರೆಗೆ ಅಂತ ಆ ಹುಡುಗಿ ಮಿಕ್ಕವರಿಗೆ ಗದರಿ ಗದರಿ ಹೇಳಿಕೊಡುತ್ತಿದ್ದಳು. ತುಂಬಿ ತುಂಬಿ ಎಲ್ಲರಿಗೂ ಬಾಯಿಪಾಠವಾಯಿತು. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನಕ್ಷೆ ಪ್ರಶ್ನೆಯಲ್ಲಿ ಒಬ್ಬರೂ ತಪ್ಪು ಮಾಡಲಿಲ್ಲ. ಉತ್ತರಪತ್ರಿಕೆ ತೋರಿಸಿದಾಗ ಹೆಡ್‌ಮಾಸ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

"ಮುಂದಿನ ವರ್ಷದ ಪಾಠೋಪಕರಣಕ್ಕೆ ಏನೇನು ಬೇಕಮ್ಮ? ಆ ಕೋಳಿನೂ ಸೇರಿಸ್ಕೊಳ್ಳಿ."

ಸಭಾತ್ಯಾಗ

ಆ ವರ್ಷ ಪಬ್ಲಿಕ್ ಪರೀಕ್ಷೆಯ ಸಮಾಜದಲ್ಲಿ ಎಲ್ಲರೂ ಪಾಸಾದರು. ಆದರೆ ಅದಕ್ಕೂ ಮುಂಚೆ, ಹಿಂದಿನ ವರ್ಷದ ಫಲಿತಾಂಶದ ಸಿಟ್ಟಿನಲ್ಲಿ ಇಲಾಖೆಯ ಸಾಹೇಬರೊಬ್ಬರು ತಪಾಸಣೆಗೆ ಬಂದರು. ನಾನು ಕ್ಲಾಸಿನಲ್ಲೇ ಅಣಕು ಸಂಸತ್ತು ಏರ್ಪಾಡು ಮಾಡಿದ್ದೆ. ಬೆಂಚುಗಳು ಎದುರುಬದುರು, ನಡುವೆ ಸ್ಪೀಕರ್ ಕುರ್ಚಿ, ಮೇಜಿನ ಮೇಲೆ ಕೈಗಂಟೆ. ಸ್ಪೀಕರ್ ಯಾರಾಗಬೇಕು ಅಂತ ಕೇಳಿದಾಗ ಮಕ್ಕಳು ಆ ಹುಡುಗಿಯನ್ನೇ ಆರಿಸಿದ್ದರು. "ಎಲ್ಲರನ್ನೂ ಗದರೋಕೆ ಅವಳೇ ಸರಿ ಮಿಸ್."

ಕುಡಿಯೋ ನೀರಿನ ಪ್ರಶ್ನೆ ಕೇಳಿ ಅಂತ ಹೇಳಿಕೊಟ್ಟಿದ್ದೆ. ವಿರೋಧ ಪಕ್ಷದ ನಾಯಕ ಎದ್ದು ಕೇಳಿದ್ದೇ ಬೇರೆ: "ಮಾನ್ಯ ಸಭಾಧ್ಯಕ್ಷರೇ, ನಮ್ಮ ಆಟದ ಪಿರಿಯಡ್ಡನ್ನ ದಿನಾ ಗಣಿತದೋರು ತಗೊಳ್ತಾವ್ರೆ. ಸರ್ಕಾರ ಏನ್ ಮಾಡ್ತಿದೆ?"

ಮಂತ್ರಿ ಎದ್ದ. "ವಿಷಯ ಪರಿಶೀಲನೆಯಲ್ಲಿದೆ."

ಹೆಡ್‌ಮಾಸ್ಟರು ಹಿಂದಿನಿಂದ "ಏಯ್, ಅದೆಲ್ಲ ಈಗ..." ಅನ್ನುತ್ತ ಎದ್ದರು. ಹುಡುಗಿ ಗಂಟೆ ಬಾರಿಸಿದಳು.

"ಸದಸ್ಯರಲ್ಲದವರು ಮಾತಾಡಂಗಿಲ್ಲ. ಕೂತ್ಕೊಳ್ಳಿ ಸಾರ್."

ಹೆಡ್‌ಮಾಸ್ಟರು ಕೂತರು. ಸಾಹೇಬರು ಕರ್ಚೀಫಿನಿಂದ ಬಾಯಿ ಮುಚ್ಚಿಕೊಂಡರು.

"ಉತ್ತರ ಸರಿಯಿಲ್ಲ, ಸಭಾತ್ಯಾಗ!" ಅಂತ ಕೂಗಿ ವಿರೋಧ ಪಕ್ಷ ಹೊರಗೆ ನಡೆಯಿತು. ಬಾಗಿಲವರೆಗೆ ಹೋಗಿ ವಾಪಸ್ ಬರಬೇಕು, ಹಾಗಂತ ಪ್ರಾಕ್ಟೀಸ್ ಮಾಡಿಸಿದ್ದೆ. ಬರಲಿಲ್ಲ. ಸ್ವಲ್ಪ ಹೊತ್ತಿಗೆ ಮೈದಾನದಿಂದ "ಕಬಡ್ಡಿ ಕಬಡ್ಡಿ" ಕೇಳಿಸಿತು. ಆಳುವ ಪಕ್ಷದವರು ಕಿಟಕಿ ನೋಡಿದರು, ಮುಖಮುಖ ನೋಡಿಕೊಂಡರು. ಮಂತ್ರಿ ಎದ್ದು, "ನಾವು ಹೋಗಿ ಅವರ ಮನವೊಲಿಸ್ಕೊಂಡು ಬರ್ತೀವಿ" ಅಂದ. ಸರ್ಕಾರವೆಲ್ಲ ಅವನ ಹಿಂದೆ ಹೊರಟಿತು. ಅವರೂ ಬರಲಿಲ್ಲ. ಕಬಡ್ಡಿಯ ಸದ್ದು ಜೋರಾಯಿತು.

ಖಾಲಿ ಬೆಂಚುಗಳು. ಸ್ಪೀಕರ್ ಒಬ್ಬಳೇ ನೆಟ್ಟಗೆ ಕೂತಿದ್ದಾಳೆ. ಸಾಹೇಬರು ಗಂಭೀರವಾಗಿ ಕೇಳಿದರು: "ಈಗೇನಮ್ಮ ಮಾಡ್ತೀಯ?"

ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಕಿಟಕಿಯಾಚೆ ನೋಡಿದಳು. ಒಂದು ಸಲ ಗಂಟೆ ಬಾರಿಸಿದಳು.

"ಕೋರಂ ಇಲ್ಲ ಸಾರ್. ಸಭೆನ ನಾಳೆಗೆ ಮುಂದೂಡಿದೀನಿ."

ಗಂಟೆಯನ್ನು ಸಾಹೇಬರ ಕೈಗಿಟ್ಟು, ವೇಲು ಸೊಂಟಕ್ಕೆ ಬಿಗಿದು, ಸ್ಪೀಕರೂ ಮೈದಾನಕ್ಕೆ ಓಡಿದರು.