ಪುಕ್ಕಟೆ ಸಲಹೆಗೆ ಒಣಗಿದ ಗಿಡಗಳು

ಗಿಡ ಬೆಳೆಸುವುದು ಕಷ್ಟವಲ್ಲ. ಬೆಳೆಸುವುದನ್ನು ಇನ್ನೊಬ್ಬರಿಗೆ ಹೇಳಿಕೊಡಲು ಹೋದರೆ ಮಾತ್ರ ವಾರಕ್ಕೊಂದು ಅನಾಹುತ ತಪ್ಪಿದ್ದಲ್ಲ. ಅಂಚೆ ಕಚೇರಿಯಿಂದ ನಿವೃತ್ತನಾದ ನಾನು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರು, ಔಷಧಿ ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟ ಗೆಳೆಯ, ಚಿತ್ರದುರ್ಗದ ನಾವು ಮೂವರು ಭಾನುವಾರ ಬಂತೆಂದರೆ ಊರೂರಿಗೆ ಹೋಗಿ ಕೈತೋಟದ ಪಾಠ ಹೇಳುತ್ತಿದ್ದೆವು. ಯಾರೂ ಕರೆದಿರಲಿಲ್ಲ.

ಒಗ್ಗರಣೆ

ಹೊಸದುರ್ಗದ ಗೃಹಿಣಿಯೊಬ್ಬರ ಕರಿಬೇವಿನ ಗಿಡ ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತ್ತು.

"ಹುಳಿ ಮಜ್ಜಿಗೆಗೆ ನೀರು ಬೆರೆಸಿ ಬುಡಕ್ಕೆ ಹಾಕಮ್ಮ, ಹೆಂಗೆ ಚಿಗುರ್ತದೆ ನೋಡು" ಎಂದರು ಮೇಷ್ಟ್ರು.

ಮುಂದಿನ ಸಲ ಹೋದಾಗ ಅಲ್ಲಿ ಒಂದು ಬೋಳು ಕಡ್ಡಿ ನಿಂತಿತ್ತು.

"ಮಜ್ಜಿಗೆ ಹಾಕಲಿಲ್ವೇನಮ್ಮ?"

"ದಿನಾ ಹಾಕಿದೀನಿ ಸಾರ್, ಊಟ ಆದ್ಮೇಲೆ ಮಿಕ್ಕಿದ್ದೆಲ್ಲ ಅದಕ್ಕೇ."

ಮೇಷ್ಟ್ರು ಬಗ್ಗಿ ಬುಡದ ಮಣ್ಣು ಮೂಸಿದರು. "ಉಪ್ಪು ಹಾಕಿದ್ದಾ?"

"ಉಪ್ಪಿಲ್ದೆ ಮಜ್ಜಿಗೆ ರುಚಿ ಇರ್ತದಾ ಸಾರ್? ಉಪ್ಪು, ಹಸಿಮೆಣಸಿನಕಾಯಿ, ಇಂಗಿನ ಒಗ್ಗರಣೆ ಎಲ್ಲಾ ಐತೆ."

"ಅದಕ್ಕೇ ಎಲೆ ಉದುರಿಹೋಗ್ಯಾವೆ."

"ಉದುರಿಲ್ಲ ಸಾರ್. ಒಗ್ಗರಣೆಗೆ ಕರಿಬೇವು ಬೇಕಲ್ಲ, ಅದರದ್ದೇ ಕಿತ್ಕಂಡೆ."

ಎಣ್ಣೆ

ಹೊಳಲ್ಕೆರೆಯ ಹೋಟೆಲಿನವರೊಬ್ಬರ ದಾಸವಾಳಕ್ಕೆ ಬಿಳಿ ಹುಳ ಹತ್ತಿತ್ತು. ಸೋಪಿನ ನೀರಿಗೆ ಒಂದಿಷ್ಟು ಬೇವಿನೆಣ್ಣೆ ಕಲಸಿ ಸಿಂಪಡಿಸಿ ಎಂದು ಹೇಳಿ ಬಂದೆವು. ವಾರ ಬಿಟ್ಟು ಫೋನು ಬಂತು.

"ಬೇವಿನೆಣ್ಣೆ ಸಿಗಲಿಲ್ಲ ಸಾರ್, ಕೊಬ್ಬರಿ ಎಣ್ಣೆ ಹಚ್ಚಿದೆ."

"ಹುಳ ಹೋದವಾ?"

"ಗಿಡ ಹೋತು ಸಾರ್. ಹುಳ ಮಾತ್ರ ತಲೆ ಬಾಚ್ಕಂಡು ಮದುವೆಗೆ ಹೊಂಟಂಗೆ ಅವೆ."

ಗೊಬ್ಬರದ ಗುಂಡಿ

ಪರವೂರು ಸಾಕು, ನಮ್ಮ ಬೀದಿಯನ್ನೇ ತಿದ್ದೋಣ ಎಂದು ಖಾಲಿ ಜಾಗದಲ್ಲಿ ಗುಂಡಿ ತೋಡಿದೆವು. ಅಡುಗೆಮನೆ ಕಸದಿಂದ ಗೊಬ್ಬರ ಮಾಡುವುದನ್ನು ಗೆಳೆಯ ಮನೆಮನೆಗೂ ಹೋಗಿ ವಿವರಿಸಿದ. "ಗಿಡದಿಂದ ಬಂದದ್ದು ಮಾತ್ರ ಹಾಕ್ರಿ, ಅದೆಲ್ಲ ಮಣ್ಣಾಗ್ತದೆ" ಎಂದು ಗಂಟಲು ಹರಿಯುವಂತೆ ಹೇಳಿದ. ಮೊದಲ ವಾರ ಹರಿದ ಚಪ್ಪಲಿ ಬಂದವು. ನಾವೇ ಆರಿಸಿ ತೆಗೆದೆವು. ಎರಡನೆಯ ವಾರ ಗುಂಡಿಯೇ ಕಾಣಲಿಲ್ಲ. ಅದರ ಮೇಲೊಂದು ಹಾಸಿಗೆ ಮಲಗಿತ್ತು. ಹಾಕಿದವರು ಎದುರುಮನೆಯವರೇ.

"ಗಿಡದ್ದು ಮಾತ್ರ ಅಂತ ಹೇಳಿದ್ನಲ್ಲ!" ಎಂದ ಗೆಳೆಯ, ಹಾಸಿಗೆಯ ತುದಿ ಎತ್ತುತ್ತ.

"ಹತ್ತಿ ಹಾಸಿಗೆ ಕಣ್ರಿ" ಎಂದರು ಅವರು. "ಹತ್ತಿ ಏನು ಫ್ಯಾಕ್ಟರೀಲಿ ಬಿಡ್ತದಾ?"

ಗೆಳೆಯ ನಮಗಿಬ್ಬರಿಗೂ ಕೈಮುಗಿದು ಹೋದವನು ಮತ್ತೆ ಯಾವ ಭಾನುವಾರವೂ ಬರಲಿಲ್ಲ.

ಗಂಡು ಪಪ್ಪಾಯಿ

ಉಳಿದದ್ದು ನಾವಿಬ್ಬರು. ಮೇಷ್ಟ್ರು ತಾವೇ ಮಾಳಿಗೆ ಮೇಲೆ ಬೀಜ ಹಾಕಿ ಪಪ್ಪಾಯಿ ಸಸಿ ಎಬ್ಬಿಸಿ, ಹಿರಿಯೂರಿನ ಅಜ್ಜಿಯೊಬ್ಬರ ಹಿತ್ತಲಲ್ಲಿ ಒಂದೇ ಗುಣಿಗೆ ಮೂರು ನೆಟ್ಟರು. "ಇದೂ ಕೈಕೊಟ್ರೆ ನಾನೂ ನಿಲ್ಲಿಸಿಬಿಡ್ತೀನಿ" ಎಂದು ಬಸ್ಸಿನಲ್ಲಿ ನನಗೆ ಹೇಳಿದರು.

ಕೈಕೊಡಲಿಲ್ಲ. ಮೂರೂ ಹೂಬಿಟ್ಟವು. ಮೇಷ್ಟ್ರು ಸಂತೋಷದಿಂದ ಒಂದೊಂದನ್ನೂ ಮುಟ್ಟಿ ತೋರಿಸಿದರು: "ಉದ್ದಕ್ಕೆ ಜೋತುಬಿದ್ದ ಹೂ ಐತಲ್ಲ, ಇದು ಗಂಡು, ಕಾಯಿ ಬಿಡಲ್ಲ. ಇವೆರಡು ಹೆಣ್ಣು. ಒಂದು ಉಳಿಸಿ ಎರಡು ಕಡೀರಿ."

ಮತ್ತೆ ಹೋದಾಗ ಎರಡನ್ನು ಕಡಿದಾಗಿತ್ತು. ಉಳಿದ ಒಂದರಲ್ಲಿ ಹೂಗಳು ಉದ್ದಕ್ಕೆ ಜೋತುಬಿದ್ದಿದ್ದವು.

ಮೇಷ್ಟ್ರು ಹಿತ್ತಲ ಕಲ್ಲಿನ ಮೇಲೆ ಕುಸಿದು ಕೂತರು. "ಅಜ್ಜೀ, ಗಂಡನ್ನೇ ಉಳಿಸಿದ್ರಲ್ಲ!"

"ಗಂಡು ಅಂತ ಗೊತ್ತಾದ್ಮೇಲೆ ಹೆಂಗೆ ಕಡಿಯದು ಮೇಷ್ಟ್ರೇ? ಮನಸ್ಸು ಬರ್ಲಿಲ್ಲ."

"ಹಣ್ಣು ಬಿಡಲ್ಲ ಅದು! ಸುಮ್ನೆ ನಿಂತಿರ್ತದೆ ಅಷ್ಟೆ. ನೀರು ಹಾಕಿ ಏನು ಸಿಗ್ತದೆ ನಿಮಗೆ?"

ಅಜ್ಜಿ ಬಾಗಿಲಿನಾಚೆ ಕೈ ತೋರಿಸಿದರು. ಕಟ್ಟೆಯ ಮೇಲೆ ಅವರ ಯಜಮಾನರು ಕಾಲುಮೇಲೆ ಕಾಲು ಹಾಕಿಕೊಂಡು ಎಲೆಅಡಿಕೆ ಜಗಿಯುತ್ತಿದ್ದರು.

"ಲಗ್ನ ಆದಾಗಿಂದ ಅವ್ರನ್ನೇ ಸಾಕಿಲ್ವ ಮೇಷ್ಟ್ರೇ?" ಎಂದರು. "ಇದಾದ್ರೆ ಎರಡೊತ್ತು ಚಾನೂ ಕೇಳಲ್ಲ!"